ಕೌದಿ ಖೋಲಿಯ ದನಿ

ಬೈಲಹೊಂಗಲದ ಪೇಟೆ ಹಿಂದಿನ ಓಣಿಯ ಆ ಮನೆಯಲ್ಲಿ ಒಂದು ಮಹತ್ವದ ಪ್ರಶ್ನೆ ಇತ್ಯರ್ಥವಾಗಬೇಕಿತ್ತು: ಬೆಳಗಿನ ಹನ್ನೊಂದರ ಹೊತ್ತಿಗೆ ಕುಕ್ಕರು ಸೀಟಿ ಹೊಡೆಯಬಹುದೋ, ಕೂಡದೋ. ಆಸ್ತಿ ಪಾಲಾದಾಗಲೂ ಅಲ್ಲಿ ಇಷ್ಟು ವಾದ ನಡೆದಿರಲಿಲ್ಲ. ಆ ರವಿವಾರ ಸೊಸೆ ಸುಚೇತಾ ಎರಡನೆಯ ಸೀಟಿಗೆ ಮೊದಲೇ ಓಡಿಬಂದು ಒಲೆ ಆರಿಸಿದ್ದಳು. ಅತ್ತೆ ಮಥುರಾಬಾಯಿ ಅರೆಬೆಂದ ಬೇಳೆಯನ್ನು ಸೌಟಿನಲ್ಲೆತ್ತಿ, ಕೋರ್ಟಿಗೆ ಸಾಕ್ಷ್ಯ ಹಾಜರುಪಡಿಸುವ ಗಾಂಭೀರ್ಯದಿಂದ ಮಗನ ಮುಂದೆ ಹಿಡಿದಿದ್ದರು.

"ನೋಡಪಾ ಕೌಶಿಕ. ನಿನ್ನ ಹೆಂಡತಿ ಕೌದಿ ಜೋಡಿ ಮಾತಾಡಲಿಕ್ಕೆ ಹತ್ಯಾಳ, ಅದಕ್ಕ ನಮ್ಮ ಬ್ಯಾಳಿ ಬೇಯೂ ಹಂಗಿಲ್ಲ."

"ಕೌದಿ ಜೋಡಿ ಅಲ್ರಿ ಅತ್ಯಾರ. ಪಾಡ್‌ಕಾಸ್ಟ್."

"ಎದುರಿಗೆ ಯಾರೂ ಇಲ್ಲದ ಮಾತಾಡಿದರ ನಮ್ಮ ಕಾಲದಾಗ ಧಾರವಾಡದ ಹುಚ್ಚರ ದವಾಖಾನಿಗೆ ಕರಕೊಂಡ ಹೋಗತಿದ್ರು. ಈಗ ಅದಕ್ಕೂ ಒಂದು ಹೆಸರು ಬಂತು."

ಕಿತ್ತೂರಿನ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಕೌಶಿಕ ಎರಡೂ ಪಕ್ಷಕ್ಕೆ ತಲೆಯಾಡಿಸಿ ಅಭ್ಯಾಸವಿದ್ದವನು. ಆದರೆ ಒಂದು ಮಾತು ಮಾತ್ರ ಖಂಡಿತವಾಗಿ ಹೇಳಿದ್ದ: "ಬ್ಯಾಸಗಿ ಮುಗಿಯೂತನಕ ನೋಡೋಣು. ಅದರಿಂದ ಹೊಟ್ಟಿಗೆ ಏನರ ಹುಟ್ಟಿದರ ಮಾಡಕೋತ ಹೋಗು. ಇಲ್ಲಂದ್ರ ಜೂನಿಗೆ ಸಾಲಿಗೆ ಹೋಗು."

ಸುಚೇತಾ ಖಾಸಗಿ ಶಾಲೆಯೊಂದರ ಕನ್ನಡ ಶಿಕ್ಷಕಿಯ ಕೆಲಸ ಬಿಟ್ಟು ಈ ಸಾಹಸಕ್ಕೆ ಇಳಿದಿದ್ದಳು. ಪಾಡ್‌ಕಾಸ್ಟಿಗೆ ಉಜ್ವಲ ಭವಿಷ್ಯವಿದೆ ಎಂದು ಸಾರುವ ಪಾಡ್‌ಕಾಸ್ಟುಗಳು ಬೇಕಾದಷ್ಟಿದ್ದವು. ಅವಳು ಅವನ್ನೆಲ್ಲ ಕೇಳಿ ನಂಬಿದ್ದಳು. ಅವಳ ವಿಷಯ ಒಡಪು. ಗಂಡನ ಹೆಸರು ಹಿಡಿಯಬಾರದ ಹೆಂಗಸರು ಮದುವೆ, ಹಬ್ಬಗಳಲ್ಲಿ ಮಾತ್ರ ಆ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುವ ಸಾಲುಗಳು. ಉಗರಗೋಳ, ದೇಗಾಂವ ಎಂದು ಬಸ್ಸಿನಲ್ಲಿ ತಿರುಗಿ ಧ್ವನಿಮುದ್ರಿಸಿಕೊಂಡು ಬರುತ್ತಿದ್ದಳು. ಸಾಲಹಳ್ಳಿಯ ಸೀತವ್ವ ಎಂಬಾಕೆ, ಫೋಟೋ ಇಲ್ಲವೆಂದು ಖಾತ್ರಿಯಾದ ಮೇಲೆ, ಸೆರಗನ್ನು ತನ್ನ ತಲೆಗೂ ಮೈಕಿಗೂ ಸೇರಿಸಿ ಹೊದ್ದುಕೊಂಡು ಆ ಡೇರೆಯೊಳಗಿನಿಂದ ಗಂಡನ ಹೆಸರು ಹೇಳಿ, ನಕ್ಕು, ಆಮೇಲೆ ಸುಮ್ಮನೆ ಅತ್ತಿದ್ದಳು. ಮುಖ ಕಾಣದಿದ್ದರೆ ಹೆಂಗಸರು ನಿಜ ಹೇಳುತ್ತಾರೆಂದು ಸುಚೇತಾಳಿಗೆ ಹೊಳೆದದ್ದು ಆಗ.

ಮನೆಯಲ್ಲಿ ಕುಕ್ಕರಿನ ಸೀಟಿಯೊಂದನ್ನು ಬಿಟ್ಟು ಬೇರೆ ಸದ್ದು ಒಳಬರದ ಜಾಗವೆಂದರೆ ಕೌದಿ ಖೋಲಿ ಒಂದೇ; ಅವಳು ಮುದ್ರಿಸುತ್ತಿದ್ದುದು ಅಲ್ಲಿ. ಕಿಟಕಿಯಿಲ್ಲದ ಆ ಕೋಣೆಯ ತುಂಬ ಹಳೆಬಟ್ಟೆ ಜೋಡಿಸಿ ಮಥುರಾಬಾಯಿ ಹೊಲಿದ ಕೌದಿಗಳು. ಅವುಗಳಲ್ಲಿ ಅರ್ಧ, ತೀರಿಹೋದ ಗಂಡ ತ್ರ್ಯಂಬಕರಾಯರ ಹಳೆಯ ಧೋತರದವು. ರಾಯರು ಪೌರೋಹಿತ್ಯಕ್ಕೆ ಹೋದ ಮದುವೆಗಳಲ್ಲೆಲ್ಲ ಮಥುರಾಬಾಯಿಯ ಒಡಪು ಇರಲೇಬೇಕಿತ್ತು. ಸವದತ್ತಿಯಿಂದ ರಾಮದುರ್ಗದವರೆಗೆ ಬೀಗಿತಿಯರು ಅವರ ದನಿಗಾಗಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ರಾಯರು ಹೋದರು. ವಿಧವೆಗೆ ಒಡಪಿಲ್ಲ. ಅಂದಿನಿಂದ ಮಥುರಾಬಾಯಿ ಮದುವೆಮನೆಗಳಲ್ಲಿ ಅಡಿಗೆಮನೆಯ ಆಚೆ ಬಂದಿರಲಿಲ್ಲ.

ಬೇಳೆಯ ಜಗಳವಾದ ಮರುದಿನ ಸುಚೇತಾ ಕತ್ತಲಲ್ಲಿ ಕುಳಿತು ಒಡಪೊಂದನ್ನು ಹೇಳಿ ಮುದ್ರಿಸುತ್ತಿದ್ದಾಗ ಬಾಗಿಲಾಚೆಯಿಂದ ಮಾತು ಬಂತು. "ತಪ್ಪು ಹೇಳಲಿಕ್ಕೆ ಹತ್ತೀದಿ. ಹೆಸರು ಕಡೀ ಸಾಲಿನ್ಯಾಗ ಬರಬೇಕು. ಜಗ್ಗಿ ಹೇಳಬೇಕು, ಮಂದಿ ಕಾಯಬೇಕು." ಮಥುರಾಬಾಯಿ ಒಳಗೆ ಬಂದು ಬಾಗಿಲು ಹಾಕಿಕೊಂಡರು. ಊರವರ ಒಡಪುಗಳನ್ನು ಒಂದೊಂದಾಗಿ ಹೇಳಿದರು. ಕೊನೆಗೆ, ಬೇರೆಯದೇ ಆದ, ಹರೆಯದ ದನಿಯಲ್ಲಿ...

"ಹಳೇ ಧೋತರಕ್ಕ ಕೌದಿ ಹೊಲಿಗಿ, ಹಬ್ಬದ ದಿನ ಬಿಸಿ ಹೋಳಿಗಿ, ತ್ರ್ಯಂಬಕರಾಯರ ಹೆಸರು ಹೇಳತೇನಿ ಯಾರೂ ಇಲ್ಲದ ಘಳಿಗಿ."

ಸುಚೇತಾ ಮುದ್ರಣ ನಿಲ್ಲಿಸಿ ಕೇಳಿದಳು. "ಇದನ್ನ ಪಾಡ್‌ಕಾಸ್ಟಿಗೆ ಹಾಕಲೇನ್ರಿ ಅತ್ಯಾರ?"

"ಹಾಕು. ನನ್ನ ಹೆಸರು ಹಾಕಬ್ಯಾಡ. ಯಾರಿಗೆ ಗೊತ್ತಾಗತದ."

ಎಲ್ಲರಿಗೂ ಗೊತ್ತಾಯಿತು. ಮುಖ ಮುಚ್ಚಿದರೆ ಮನುಷ್ಯರು ಮುಚ್ಚಿಹೋಗುತ್ತಾರೆಂದು ಅತ್ತೆ ಸೊಸೆ ಇಬ್ಬರೂ ಲೆಕ್ಕ ಹಾಕಿದ್ದರು. ದನಿಯಿಂದಲೇ ಹೆಸರಾದವರ, ಅದೂ ಗಂಡನ ಹೆಸರನ್ನೇ ಹೇಳಿದವರ ವಿಷಯದಲ್ಲಿ ಇದು ದೊಡ್ಡ ತಪ್ಪು. ಪಾಡ್‌ಕಾಸ್ಟಿನ ಆ ಕಂತು ಮದುವೆಮನೆಗಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ತಿರುಗಿತು. ರಾಮದುರ್ಗಕ್ಕೆ ಕೊಟ್ಟಿದ್ದ ಹಿರಿಯ ಮಗಳು ಹರಿಪ್ರಿಯಾ ಮೊದಲ ಬಸ್ಸಿಗೇ ಬಂದಳು. ಅವಳ ಮಗಳ ನಿಶ್ಚಯಕ್ಕೆ ದಿನ ಗೊತ್ತಾಗಿತ್ತು.

"ಅವ್ವಾ, ನಮ್ಮ ಅತ್ತಿ ಏನಂದ್ರು ಗೊತ್ತದೇನು? 'ನಿಮ್ಮ ಅವ್ವಗ ಈಗ ಹರೇ ಬಂದದೇನು' ಅಂದ್ರು. ಬೀಗರ ಮುಂದ. ಅದನ್ನ ತಗಸು. ತಗೀಲಿಲ್ಲಂದ್ರ ನಿಶ್ಚಯಕ್ಕ ನೀ ಬರಬ್ಯಾಡ. ನಾ ಕರಿಯಂಗಿಲ್ಲ."

"ನಾನ ಎತ್ತಿ ಆಡಿಸಿದ ಹುಡುಗಿ ಅಲ್ಲೇನ ಅದು..."

"ಅದಕ್ಕ ಹೇಳಲಿಕ್ಕೆ ಹತ್ತೇನಿ."

ವಿಧಿಗೆ ಸಮಯಪ್ರಜ್ಞೆ ಕಡಿಮೆ. ಆಗಲೇ ಹುಬ್ಬಳ್ಳಿಯ ಕಂಪನಿಯೊಂದರಿಂದ ಸಾಗರ ಎಂಬವನ ಫೋನು ಬಂತು. ತಿಂಗಳ ಸಂಬಳದ ಕರಾರು ಮಾಡಿಕೊಳ್ಳುತ್ತೇವೆ, ಆ ಅಜ್ಜಿ ಇರಲೇಬೇಕು, ಆದರೆ ವಿಡಿಯೋ ಆಗಬೇಕು. "ಬರೇ ಕೇಳೂದು ಮುಗೀತ್ರಿ ಮೇಡಂ. ಪಾಡ್‌ಕಾಸ್ಟ್ ಅಂದ್ರ ಈಗ ನೋಡೂದ."

ಸುಚೇತಾ ಆಗುವುದಿಲ್ಲ ಎಂದಳು. ಫೋನು ಇಟ್ಟ ಮೇಲೆ ಅತ್ತೆ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಮಗಳ ಎದುರಿಗೇ ಹೇಳಿದರು. "ವಿಡಿಯೋಕ್ಕ ಕೂಡ್ತೇನಿ. ನನ್ನ ದನಿ ಹೆಂಗೂ ಮೂರಾಬಟ್ಟೆ ಆತು. ನಿನ್ನ ಕೆಲಸರ ಉಳೀಲಿ." ಹರಿಪ್ರಿಯಾ ನೀರೂ ಕುಡಿಯದೆ ಎದ್ದು ಹೋದಳು. ಬೇಡಿರಿ ಎನ್ನಲು ಸುಚೇತಾ ಬಾಯಿ ತೆರೆದಳು. ಅದರ ಬದಲು ಸಾಗರನಿಗೆ ಫೋನು ಮಾಡಿ ಒಪ್ಪಿದಳು.

ಕ್ಯಾಮೆರಾ ಸಮೇತ ಬಂದ ಸಾಗರ ಪಡಸಾಲೆಯಲ್ಲಿ ದೀಪಗಳನ್ನು ನಿಲ್ಲಿಸಿದ. ಬೆನ್ನ ಹಿಂದೆ ಶೋಭೆಗೆಂದು ಒಂದು ಕೌದಿ ತೂಗುಹಾಕಿಸಿದ. "ಅಜ್ಜಿ, ಸೆರಗು ಸ್ವಲ್ಪ ಹಿಂದಕ್ಕ ಸರಸ್ರಿ. ಹಣಿ ಕಾಣಬೇಕು. ಈಗ ನಕ್ಕೋತ, ಅದ ಒಡಪು."

ಮಥುರಾಬಾಯಿ ಸೆರಗು ಸರಿಸಿದರು. ಕ್ಯಾಮೆರಾದ ಪಕ್ಕದ ಪುಟ್ಟ ಪರದೆಯಲ್ಲಿ ತಮ್ಮ ಬರಿದಾದ ಹಣೆ ಕಂಡಿತು. ಕೌದಿ ಹೊಲಿಗಿ, ಎಂದರು. ಹೋಳಿಗಿ, ಎಂದರು. ತ್ರ್ಯಂ... ಎಂದು ನಿಂತರು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಸಾಗರ "ಮತ್ತೊಮ್ಮೆ" ಎಂದ. "ಮತ್ತೂ ಒಮ್ಮೆ" ಎಂದ.

"ಸುಚೇತಾ... ಕತ್ತಲದಾಗ ನಾ ಅವರ ಹೆಂಡತಿ ಇದ್ನವಾ. ಈ ಬೆಳಕಿನ್ಯಾಗ... ವಿಧವಿ ಆಗೇನಿ."

ಸುಚೇತಾ ಗೋಡೆಯ ಸ್ವಿಚ್ಚು ಒತ್ತಿ ದೀಪಗಳನ್ನು ಆರಿಸಿದಳು. ಅತ್ತೆಯ ಸೆರಗನ್ನು ತಾನೇ ಮುಂದಕ್ಕೆಳೆದಳು. ಸಾಗರ ಚಹಾ ಕುಡಿದು ಹೋದ. ಆ ಮೇಲೆ ಅವನ ಫೋನು ಬರಲಿಲ್ಲ.

ಅಂದೇ ಅವಳು ಕಂತನ್ನು ಅಳಿಸಿ ರಾಮದುರ್ಗಕ್ಕೆ ಫೋನು ಮಾಡಿದಳು. "ಅಕ್ಕಾ, ತಗದೇನ್ರಿ. ಅತ್ಯಾರನ್ನ ಕರೀರಿ."

"ತಗದ್ರ ಆತೇನು? ಕೇಳಿದವರ ಕಿವ್ಯಾಗಿಂದ ಹೆಂಗ ತಗೀತಿ?"

ನಿಶ್ಚಯಕ್ಕೆ ಕೌಶಿಕ ಒಬ್ಬನೇ ಹೋಗಿಬಂದ. ಬುಂದೆಲಾಡು ತಂದ. ಮಥುರಾಬಾಯಿ ಒಂದನ್ನು ಬಾಯಿಗಿಟ್ಟುಕೊಂಡು, ಸಕ್ಕರೆ ಪಾಕ ಗಟ್ಟಿಯಾಗಿದೆ ಎಂದರು.

ಜೂನಿನಲ್ಲಿ ಸುಚೇತಾ ಶಾಲೆಗೆ ಸೇರಿದಳು. ಕುಕ್ಕರು ಬೇಕಾದಷ್ಟು ಸೀಟಿ ಹೊಡೆಯುತ್ತದೆ. ಕೌದಿ ಖೋಲಿಯಲ್ಲಿ ಈಗ ಕೌದಿಗಳಷ್ಟೇ ಇವೆ.