ನಾಲ್ಕನೇ ಗೂಡಿನ ಗಾಳಿ

“ಅಲ್ಲೇ ನಿಂತ್ಕೊಳ್ಳಿ! ಉಸಿರು ಬಿಡ್ಬೇಡಿ!”

ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದ ಶ್ರೀಶೈಲ ಗಾಬರಿಯಿಂದ ನಿಂತೇಬಿಟ್ಟ.

“ಉಸಿರು ಬಿಡದಿದ್ರ ಸಾಯ್ತೀನ್ರೀ ಮೇಡಂ!”

ಶೋಭಾರಾಣಿಗೆ ನಗು ತಡೆಯಲಾಗಲಿಲ್ಲ. ಮನುಷ್ಯರ ಉಸಿರು ಸೋಕಿದರೆ ಸಾಕು, ಮೀಟರಿನ ಅಂಕಿ ಏರಿಬಿಡುತ್ತದೆ ಎಂದು ವಿವರಿಸಿದಳು.

ಅದು ಎರಡು ಸಾವಿರದ ಆರನೇ ಇಸವಿ. ಕೆಂಗೇರಿಯಾಚೆ ಇನ್ನೂ ಹೊಲಗಳಿದ್ದ ಕಾಲ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು, ಆಹಾ! ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಮುನ್ನೂರ ಎಂಬತ್ತು ಪಾಲಿತ್ತು. ಇಂದು ನಾನೂರ ಇಪ್ಪತ್ತು ದಾಟಿದೆ.

ಅಲ್ಲೊಂದು ಸಂಶೋಧನಾ ತೋಟದಲ್ಲಿ ಪ್ಲಾಸ್ಟಿಕ್ ಗೋಡೆಯ, ಮೇಲೆ ತೆರೆದ ಐದು ಗೂಡುಗಳು. ಒಳಗೆ ಅವರೆ ಗಿಡ. ಐವತ್ತು ವರ್ಷದ ನಂತರದ ಗಾಳಿಯನ್ನು ಈಗಲೇ ಅವಕ್ಕೆ ಉಣಿಸಿ ನೋಡುವುದು ಶೋಭಾಳ ಕೆಲಸ. ಆ ಗ್ಯಾಸನ್ನು ದಿನಾ ಟೆಂಪೊದಲ್ಲಿ ತಂದು ಜೋಡಿಸುವುದು ವಿಜಾಪುರದಿಂದ ಬಂದ ಶ್ರೀಶೈಲನ ಕೆಲಸ.

“ಗಿಡ ಭಾಳ ಚಂದ ಬೆಳದಾವಲ್ರೀ. ಒಳ್ಳೇದ ಅಲ್ಲೇನು?”

“ಎಲೆ ಜಾಸ್ತಿ, ಕಾಳಲ್ಲಿ ಸತ್ವ ಕಮ್ಮಿ. ಇದೇ ಗಾಳಿ ಭೂಮೀನೂ ಬಿಸಿ ಮಾಡುತ್ತೆ. ಸೆಕೆ ಹೆಚ್ಚಾದ್ರೆ ಹೂವೇ ಉದುರಿಹೋಗುತ್ತೆ.”

“ಪಾಪ…” ಎಂದು ಅವನು ಎಲೆ ಸವರಿದ. ಆ ಒಂದು ಮಾತಿಗೇ ಶೋಭಾ ಸೋತುಹೋದಳು!

ಆಮೇಲೆ ಬಂತು ವಿಘ್ನ. ನಾಲ್ಕನೇ ಗೂಡಿನಲ್ಲಿ ಐನೂರ ಐವತ್ತಿರಬೇಕಾದ ಅಂಕಿ ದಿನಾ ಬೆಳಗ್ಗೆ ಆರುನೂರು ದಾಟತೊಡಗಿತು. ಪ್ರಯೋಗ ನಡೆಸುತ್ತಿದ್ದ ಪ್ರೊಫೆಸರ್ ಸಿಡುಕಿದರು. ಶ್ರೀಶೈಲ ವಾಲ್ವ್ ಸರಿಯಾಗಿ ಬಿಗಿ ಮಾಡುತ್ತಿಲ್ಲ ಎಂದು ಶೋಭಾ ಗ್ಯಾಸ್ ಕಂಪನಿಗೆ ದೂರು ಬರೆದುಕೊಟ್ಟಳು. ಕಂಪನಿಯವರು ಅವನನ್ನು ಟೆಂಪೊದಿಂದ ಇಳಿಸಿ ತಮ್ಮ ಗೋಡೌನಿನ ಹಮಾಲಿ ಕೆಲಸಕ್ಕೆ ಹಾಕಿದರು.

“ನನ್ನ ಒಂದ್ ಮಾತು ಕೇಳಬೌದಿತ್ತಲ್ರೀ…” ಅಷ್ಟೇ ಹೇಳಿ ಹೋದ.

ಮೂರು ವಾರ ಕಳೆಯಿತು. ಹೊಸಬ ವಾಲ್ವನ್ನೇ ಬದಲಿಸಿದ. ಅಂಕಿ ಮಾತ್ರ ಇಳಿಯಲಿಲ್ಲ. ಅವಳು ಜ್ವರ ಬಂದು ರಜೆ ಹಾಕಿ, ಬೇರೆಯವರು ಅಂಕಿ ಬರೆದ ಎರಡು ದಿನ ಮಾತ್ರ ಅದು ಜಾಣಮರಿ ಹಾಗೆ ಐನೂರ ಐವತ್ತಕ್ಕೇ ನಿಂತಿತ್ತು!

ಗಿಡಗಳಿಗೆ ನೀರು ಹಾಕುವ ಹಾಲವ್ವ ನಕ್ಕುಬಿಟ್ಟಳು.

“ಆ ಗೂಡಿನಿಂದ ಗೇಟ್ ಕಾಣಸ್ತೈತಲ್ಲವ್ವಾ. ಗಿಡದ ಮ್ಯಾಲ ಬಗ್ಗಿ ಅರ್ಧ ತಾಸು ಗೇಟ್ ನೋಡ್ಕೋತ ನಿಂದರ್ತಿ. ಆಮ್ಯಾಲ ಮೀಟರ್ ಹಿಡೀತಿ!”

ಶೋಭಾ ಕೈಯಲ್ಲಿದ್ದ ಮೀಟರ್ ಕೆಳಗಿಟ್ಟಳು. ಅಯ್ಯೋ… ನನ್ನದೇ ಉಸಿರು! ಅವನಿಗಾಗಿ ಕಾದು ನಿಂತು, ಅವನ ಅನ್ನಕ್ಕೇ ಕಲ್ಲು ಹಾಕಿದೆನಲ್ಲ!

ಪ್ರೊಫೆಸರ್ ಎದುರು ತಪ್ಪೊಪ್ಪಿಕೊಂಡಳು. ಅಷ್ಟು ದಿನದ ಶ್ರಮ ಕಸದಬುಟ್ಟಿಗೆ ಹೋಯಿತು. ದೂರು ಹಿಂತೆಗೆದ ಪತ್ರ ಹಿಡಿದು ರಾಜಾಜಿನಗರದ ಗೋಡೌನಿಗೆ ಓಡಿದಳು.

“ತಪ್ಪು ನಿಮ್ದಲ್ಲ ಶ್ರೀಶೈಲ, ನಂದು. ನೀವು ಬರೋ ದಾರಿ ನೋಡ್ತಾ ಅಲ್ಲೇ ನಿಂತಿರ್ತಿದ್ದೆ. ನನ್ನ ಉಸಿರಿಗೇ ಅಂಕಿ ಏರಿದ್ದು… ಕ್ಷಮಿಸ್ತೀರಾ?”

ಅವನು ಪತ್ರ ಇಸಿದುಕೊಂಡು ಓದಿದ.

“ನಾ ಬರೂದು ಬಿಟ್ಟ ಮ್ಯಾಲ ಇಳೀತೇನು?”

“ನಾನಿದ್ದ ಒಂದಿನಾನೂ ಇಳೀಲಿಲ್ಲ…” ಅವಳ ಕಣ್ಣು ತುಂಬಿ ಬಂತು.

ಶ್ರೀಶೈಲ ಪತ್ರ ಮಡಿಸಿ ಜೇಬಿಗಿಟ್ಟುಕೊಂಡ.

“ಐತವಾರ ಅವ್ವನ್ನ ಕರ್ಕೊಂಡ ಬರ್ತೀನಿ. ನಿಮ್ಮ ಮನಿ ಎಲ್ಲೈತಿ ಹೇಳ್ರಿ.”

“ನಂದಿನಿ ಲೇಔಟ್, ನೀರಿನ ಟ್ಯಾಂಕ್ ಎದುರು… ಬೆಳಗ್ಗೇನೇ ಬಂದ್ಬಿಡಿ.”