ಯಾರಿಗಾಗಿ ಬಿಟ್ಟ ಗಡ್ಡ?

"ಏನ್ ಬೇಕಿತ್ತು ಸರ್?"

ಜೀವಿತಾ ಎರಡನೇ ಸಲ ಕೇಳಿದಳು. ಗಾಜಿನ ಕೌಂಟರಿನ ಆಚೆ ನಿಂತಿದ್ದ ಗಡ್ಡದವನು ಅವಳನ್ನೇ ನೋಡುತ್ತಾ ನಗುತ್ತಿದ್ದ!

ತಿಪಟೂರಿನ ಆ ಕನ್ನಡಕದ ಅಂಗಡಿಗೆ ಇಂಥವರು ಆಗಾಗ ಬರುತ್ತಿದ್ದರು. ಫ್ರೇಮು ನೋಡುವುದು ನೆಪ, ಹುಡುಗಿಯರನ್ನು ನೋಡುವುದು ಕೆಲಸ. ಅವಳಿಗೆ ರೇಗಿತು.

"ರೀ, ಹಿಂಗೆ ಮುಖ ನೋಡ್ಕೊಂಡು ನಿಂತ್ಕೊಳ್ಳೋಕೆ ಇದೇನ್ ಬಸ್ ಸ್ಟ್ಯಾಂಡಾ? ತಗೊಳ್ಳೋದಿದ್ರೆ ತಗೊಳ್ಳಿ. ಇಲ್ಲಾಂದ್ರೆ ಓನರ್‌ನ ಕರೀತೀನಿ!"

ಅವನ ನಗು ಆರಿಹೋಯಿತು. ಗಡ್ಡವನ್ನು ಪರಪರ ಕೆರೆದುಕೊಂಡ.

"ಜೀವಿತಾ... ನಾನು ಕಣ್ರೀ. ಉಜ್ವಲ್."

ಆ ದನಿ! ಆಷಾಢವಿಡೀ ಫೋನಿನಲ್ಲಿ ಕೇಳಿದ ದನಿ. ಕಾರ್ತೀಕದಲ್ಲಿ ಅವಳಿಗೆ ತಾಳಿ ಕಟ್ಟಬೇಕಾದವನ ದನಿ!

ಜೀವಿತಾಳ ಕೈಯಲ್ಲಿದ್ದ ಫ್ರೇಮು ಕೌಂಟರಿನ ಮೇಲೆ ಬಿತ್ತು. "ಅಯ್ಯೋ... ನೀವಾ? ಇದೇನ್ರೀ ಇದು?"

"ಹೆಂಗಿದೆ?" ಅವನು ಆಸೆಯಿಂದ ಕೇಳಿದ.

ಹೇಗಿದೆ ಅಂತ ಹೇಳುವುದು? ಬಲಗೆನ್ನೆಯಲ್ಲಿ ಪೊದೆಯಂತೆ ಬೆಳೆದಿತ್ತು. ಎಡಗೆನ್ನೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ. ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ್ದ. ಕೌಂಟರಿನ ಈಚೆಗೂ ಘಮ್ಮೆನ್ನುತ್ತಿತ್ತು. ಪಾಪ, ಇಷ್ಟು ಆಸೆಯಿಂದ ಕೇಳುತ್ತಿದ್ದಾನೆ...

"ಚೆ... ಚೆನ್ನಾಗಿದೆ," ಎಂದಳು.

ಅವನ ಮುಖ ಊರಗಲ ಆಯಿತು!

ಅಸಲಿಗೆ ನಿಶ್ಚಿತಾರ್ಥದ ದಿನ ಜೀವಿತಾ ಮನಸೋತಿದ್ದು ಅವನ ಗದ್ದಕ್ಕೆ. ನುಣ್ಣಗೆ ಶೇವ್ ಮಾಡಿದ ಆ ಗದ್ದದ ನಡುವೆ ಬೆರಳಿನಿಂದ ಒತ್ತಿಟ್ಟ ಹಾಗೆ ಒಂದು ಸಣ್ಣ ಗುಳಿ. ಆಮೇಲೆ ಆಷಾಢ ಬಂತು. ಮದುವೆ ಗೊತ್ತಾದವರು ಈ ತಿಂಗಳು ಮುಖ ನೋಡಬಾರದು ಎಂದರು ಹಿರಿಯರು. ಅವಳದು ಹಾಲ್ಕುರಿಕೆ, ಅವನದು ಶೆಟ್ಟಿಕೆರೆ. ಮಧ್ಯೆ ಫೋನು ಮಾತ್ರ. ವೀಡಿಯೊ ಕಾಲ್ ಮಾಡೋಣ ಎಂದರೆ, "ತೋಟದಲ್ಲಿ ನೆಟ್ ಸಿಗಲ್ಲ ಕಣ್ರೀ" ಎಂದು ಜಾರಿಕೊಳ್ಳುತ್ತಿದ್ದ.

ಶ್ರಾವಣ ಬಂದ ಕೂಡಲೇ ಓಡಿ ಬಂದಿದ್ದಾನೆ... ಆದರೆ ಆ ಗುಳಿ ಎಲ್ಲಿ?

ಅವನು ಹೋದ ಮೇಲೆ ಅಂಗಡಿಯ ಗೆಳತಿ ಅನಿತಾ ಹತ್ತಿರ ಬಂದಳು.

"ಗಂಡಸ್ರು ಗಡ್ಡ ಬಿಡೋಕೆ ಮೂರೇ ಕಾರಣ ಕಣೇ. ಒಂದು ಹರಕೆ. ಇಲ್ಲಾ ಹೆಂಡ್ತಿ ಬಸುರಿ. ಇಲ್ಲಾಂದ್ರೆ ಲವ್ ಫೇಲ್ಯೂರ್."

"ಥೂ, ಹೋಗೇ!"

"ಹೋಗೇ ಅಲ್ಲ, ಕೇಳು ಅವರನ್ನೇ."

ಸಂಜೆ ಫೋನಿನಲ್ಲಿ ಜೀವಿತಾ ಮೆಲ್ಲಗೆ ಕೇಳಿದಳು. "ಗಡ್ಡ... ಹರಕೆನಾ?"

"ಇಲ್ಲಪ್ಪ."

"ಮತ್ತೆ?"

"ಸುಮ್ನೆ..." ಅವನು ನಕ್ಕ. "ನಿಮ್ಗೆ ಗೊತ್ತಿಲ್ವಾ?"

ನನಗೆ ಹೇಗೆ ಗೊತ್ತಿರುತ್ತದೆ? ಏನು ಮುಚ್ಚಿಡುತ್ತಿದ್ದಾನೆ ಇವನು?

ಹರಕೆಯಲ್ಲ. ಹೆಂಡತಿಯಂತೂ ಇನ್ನೂ ಬಂದಿಲ್ಲ. ಹಾಗಾದರೆ ಉಳಿದಿದ್ದು...

ಛೇ! ಇರಲಾರದು. ಆದರೂ ಆ ಮಾತು ಎದೆಯೊಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ಅವಳ ಚಿಕ್ಕಪ್ಪನ ಮಗಳು ಸೌಂದರ್ಯಾಳದೂ ಹೀಗೇ ಆಗಿತ್ತಲ್ಲ! ಮನಸ್ಸಿನಲ್ಲಿ ಬೇರೆಯವಳನ್ನಿಟ್ಟುಕೊಂಡು, ಅಪ್ಪ ಅಮ್ಮನ ಬಲವಂತಕ್ಕೆ ತಾಳಿ ಕಟ್ಟಿದ್ದ ಆ ಗಂಡ. ವರ್ಷ ತುಂಬುವ ಮೊದಲೇ ಸೌಂದರ್ಯಾ ತವರಿಗೆ ವಾಪಸ್ಸಾಗಿದ್ದಳು. ಇವತ್ತಿಗೂ ಯಾರ ಮದುವೆಗೂ ಬರುವುದಿಲ್ಲ.

ಮರುವಾರ ಉಜ್ವಲನ ತಾಯಿ ಮೀನಾಕ್ಷಮ್ಮನೇ ಫೋನ್ ಮಾಡಿದರು. ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಂಡು ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಅವತ್ತು ಅವರ ದನಿಯೇ ಸರಿಯಿರಲಿಲ್ಲ.

"ಜೀವಿತಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ ಕಣವ್ವಾ. ಗಡ್ಡ ಬಿಡು ಅಂತ ನೀನೇನಾದ್ರೂ ಹೇಳಿದ್ಯಾ ಇವನಿಗೆ?"

"ನಾನಾ? ಇಲ್ಲ ಅತ್ತೆ!"

"ಮದುವೆ ಗಂಡು ಹಿಂಗಿರ್ತಾನೇನ್ಲಾ, ಬೋಳಿಸ್ಕೊಂಡು ಬಾ ಹೋಗು ಅಂತ ದಿನಾ ಬಡ್ಕೋತಾ ಇವ್ನಿ. 'ಒಬ್ರಿಗೆ ಇಷ್ಟ ಕಣಮ್ಮ, ತೆಗೆಯಲ್ಲ' ಅಂತಾನೆ. ಸಲೂನ್ ಮಲ್ಲೇಶನ ಹತ್ರ ಹೋಗಿ ತೀಡಿಸ್ಕೊಂಡು ಬತ್ತಾನೆ. ದಾಸವಾಳದ ಎಣ್ಣೆ ಕಾಯಿಸಿ ಹಚ್ಕೋತಾನೆ. ನೀನೇ ಹೇಳಿದ್ದೀಯ ಅನ್ಕೊಂಡಿದ್ದೆ..."

ಮುಂದಿನ ಮಾತು ಇಬ್ಬರಿಗೂ ಬೇಕಿರಲಿಲ್ಲ. "ಬುಡು, ಎಲ್ಲಾ ಸರಿ ಹೋಯ್ತದೆ," ಎಂದು ಮೀನಾಕ್ಷಮ್ಮ ಫೋನ್ ಇಟ್ಟರು.

ಒಬ್ಬರಿಗೆ ಇಷ್ಟ!

ಯಾರು ಆ ಒಬ್ಬರು?

ಜೀವಿತಾ ಹಿತ್ತಲಿನ ತೆಂಗಿನ ಬುಡದಲ್ಲಿ ಕುಳಿತು ಅತ್ತಳು. ಫೋನಿನಲ್ಲಿ ಇಷ್ಟು ಪ್ರೀತಿಯಿಂದ ಮಾತಾಡುವವನು, ಊಟ ಆಯ್ತಾ ಎಂದು ಮರೆಯದೆ ಕೇಳುವವನು, ಇನ್ನೊಬ್ಬಳಿಗಾಗಿ ಗಡ್ಡ ಸಾಕುತ್ತಾನಾ? ಹಾಗಾದರೆ ಈ ಪ್ರೀತಿ ನಾಟಕವಾ? ಅಥವಾ ಪ್ರೀತಿ ನಿಜ, ಗಡ್ಡ ಸುಳ್ಳಾ? ಏನೊಂದೂ ತಿಳಿಯಲಿಲ್ಲ. ಅವನನ್ನೇ ನೇರವಾಗಿ ಕೇಳಬಹುದಿತ್ತು. ಆದರೆ 'ಹೌದು' ಎಂದುಬಿಟ್ಟರೆ?

ಕೊನೆಗೆ ಅಪ್ಪ ಮರುಳಪ್ಪನ ಮುಂದೆ ನಿಂತಳು. "ಅಪ್ಪಾ, ಈ ಮದುವೆ ಬೇಡ."

ಮರುಳಪ್ಪ ಎಲ್ಲವನ್ನೂ ಕೇಳಿದರು. ಮಗಳ ತಲೆ ಸವರಿದರು. ಬೈಯಲಿಲ್ಲ.

"ಇಂಥ ಮಾತು ಫೋನಲ್ಲಿ ಆಡೋದಲ್ಲ ಕಣವ್ವಾ. ನಾಳೆ ನಾನೇ ಹೋಗಿ ಹೇಳ್ಬತ್ತೀನಿ."

ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿದರು. ಜೀವಿತಾ ಊದಿದ ಕಣ್ಣು ತೊಳೆದುಕೊಂಡು ಕೆಲಸಕ್ಕೆ ಬಂದಳು.

ಅಂಗಡಿಯ ಬಾಗಿಲಲ್ಲೇ ಉಜ್ವಲ್ ನಿಂತಿದ್ದ! ಅವನಿಗೆ ಚಿಕ್ಕನಾಯಕನಹಳ್ಳಿಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ. ಸಾಮಾನು ತರಲು ತಿಪಟೂರಿಗೆ ಬಂದವನು ಅವಳನ್ನು ನೋಡಿಕೊಂಡು ಹೋಗಲು ಕಾದಿದ್ದ. ಗಡ್ಡವನ್ನು ಅಂಚು ಹಿಡಿದು ನೀಟಾಗಿ ತೀಡಿಸಿದ್ದ.

"ಯಾಕ್ರೀ, ಕಣ್ಣೆಲ್ಲಾ ಕೆಂಪಗಿದೆ?"

ತಡೆಯಲಾಗಲಿಲ್ಲ ಅವಳಿಗೆ.

"ಅಪ್ಪ ನಿಮ್ಮನೆಗೆ ಹೋಗಿದಾರೆ. ಮದುವೆ ಬೇಡ ಅಂತ ಹೇಳೋಕೆ."

ಉಜ್ವಲನ ಮುಖದ ಬಣ್ಣವೇ ಇಳಿಯಿತು. "ಏನು? ಯಾಕೆ? ನಾನೇನ್ ತಪ್ಪು ಮಾಡ್ದೆ?"

"ತಪ್ಪೇನಿಲ್ಲ. ಗಡ್ಡ ಯಾರಿಗೆ ಇಷ್ಟಾನೋ ಅವರನ್ನೇ ಮದುವೆ ಆಗಿ. ನನ್ನಿಂದ ತೊಂದ್ರೆ ಇಲ್ಲ."

"ಯಾರಿಗೆ ಇಷ್ಟ ಅಂದ್ರೆ?" ಅವನು ಬೆಪ್ಪನಂತೆ ನೋಡಿದ. "ನಿಮ್ಗೇ ಅಲ್ವಾ?"

"ನನಗಾ!"

"ನಿಶ್ಚಿತಾರ್ಥದ ದಿನ, ಫೋಟೋಗೆ ನಿಂತಾಗ ಕೇಳಿದ್ನಲ್ಲ, ನನ್ನಲ್ಲಿ ಏನ್ ಇಷ್ಟ ಆಯ್ತು ಅಂತ? ನೀವೇ ಹೇಳಿದ್ರಿ... 'ನಿಮ್ಮ ಗಡ್ಡ' ಅಂತ!"

ಜೀವಿತಾಳ ಬಾಯಿ ತೆರೆದೇ ಇತ್ತು. ಆ ಓಲಗದ ಗದ್ದಲ... ನಾಚಿಕೆಯಿಂದ ಅವಳು ಪಿಸುಗುಟ್ಟಿದ ಒಂದೇ ಮಾತು...

"ಗದ್ದ ಅಂದೆ ಕಣ್ರೀ! ಗದ್ದ! ಗಡ್ಡ ಅಲ್ಲ!"

"ಗದ್ದನಾ...?"

"ಆವತ್ತು ನಿಮಗೆ ಗಡ್ಡ ಎಲ್ಲಿತ್ರೀ ಇಷ್ಟ ಪಡೋಕೆ?"

"ನಾನೂ ಅದನ್ನೇ ಯೋಚ್ನೆ ಮಾಡ್ದೆ. ಬಿಟ್ಕೊಳ್ಳಿ ಅಂತ ಸೂಕ್ಷ್ಮವಾಗಿ ಹೇಳ್ತಾ ಇದ್ದೀರ ಅನ್ಕೊಂಡೆ. ಆಮೇಲೆ ಅಂಗಡೀಲೂ ಚೆನ್ನಾಗಿದೆ ಅಂದ್ರಲ್ಲ!"

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಆದರೆ ಉಜ್ವಲ್ ನಗಲಿಲ್ಲ.

"ಇನ್ನೊಬ್ಬಳು ಇದಾಳೆ ಅಂತ ನಂಬಿಬಿಟ್ರಾ?" ಅವನ ದನಿ ಸಣ್ಣಗಾಗಿತ್ತು. "ಒಂದ್ ಮಾತು ಕೇಳ್ಬೋದಿತ್ತಲ್ವಾ ಜೀವಿತಾ? ನನ್ನಲ್ಲಿ ಇಂಥದ್ದು ಇಷ್ಟ ಅಂತ ಇದುವರೆಗೂ ಯಾರೂ ಹೇಳಿರಲಿಲ್ಲ. ಕೆರೆತಕ್ಕೆ ನಿದ್ದೆ ಇರಲಿಲ್ಲ. ಅಂಗಡಿಗೆ ಬಂದೋರೆಲ್ಲ ಆಡ್ಕೊಂಡ್ರು. ಆದ್ರೂ ಖುಷಿಯಾಗೇ ಇದ್ದೆ."

"ಹೆದರಿಕೆ ಆಯ್ತು ರೀ. ಕೇಳಿದ್ರೆ ನಿಮ್ಮನ್ನ ಕಳ್ಕೊಂಡುಬಿಡ್ತೀನಿ ಅನ್ನಿಸ್ತು. ತಪ್ಪಾಯ್ತು..."

ಅವನು ಜೇಬಿನಿಂದ ಬೈಕಿನ ಕೀ ತೆಗೆದ.

"ಬೈಕ್ ಹತ್ತಿ. ಮೊದ್ಲು ಮನೆಗೆ ಹೋಗೋಣ."

ಎಷ್ಟು ಸಲ ಕರೆ ಮಾಡಿದರೂ ಅಪ್ಪ ಫೋನ್ ತೆಗೆಯಲಿಲ್ಲ. ದಾರಿಯುದ್ದಕ್ಕೂ ತೆಂಗಿನ ತೋಟಗಳು ಹಿಂದೆ ಸರಿದವು. ಕ್ಷಮಿಸಿದ್ದಾನಾ? ಇಲ್ಲವಾ? ಅವನ ಬೆನ್ನು ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ!

ಶೆಟ್ಟಿಕೆರೆಯ ಆ ಮನೆಯ ಪಡಸಾಲೆಯಲ್ಲಿ ಮರುಳಪ್ಪ ತಲೆ ತಗ್ಗಿಸಿ ಕುಳಿತಿದ್ದರು. ಎದುರಿಗಿದ್ದ ಕಾಫಿ ತಣ್ಣಗಾಗಿತ್ತು. ಮೀನಾಕ್ಷಮ್ಮ ಗೋಡೆಗೆ ಒರಗಿ ನಿಂತಿದ್ದರು. ಹೇಳಬಾರದ ಮಾತು ಆಗಲೇ ಹೇಳಿ ಆಗಿತ್ತು.

"ಬೇಡ ಅಂದ್ಮೇಲೆ ಮತ್ತೆ ಯಾಕ್ ಬಂದ್ಯವ್ವಾ?" ಮೀನಾಕ್ಷಮ್ಮನ ದನಿ ಒಣಗಿತ್ತು. "ಇದೇನ್ ಹುಡುಗಾಟನಾ?"

ಜೀವಿತಾ ಉಜ್ವಲನ ಕಡೆ ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಮುಂದೆ ಬಂದಳು. ಇದು ಅವಳೇ ಹೇಳಬೇಕಾದ ಮಾತು.

"ತಪ್ಪು ನಂದು ಅತ್ತೆ. ಅಪ್ಪನ್ನ ಕಳಿಸಿದ್ದು ನಾನು. ನಂಗೆ... ನಂಗೆ ಇವರೇ ಬೇಕು." ಕಿವಿಯೆಲ್ಲ ಬಿಸಿಯಾಯಿತು. "ನಾನು ಇವರ ಗದ್ದ ಇಷ್ಟ ಅಂದಿದ್ದೆ. ಇವರು ಗಡ್ಡ ಅಂತ ಕೇಳಿಸ್ಕೊಂಡ್ರು."

ಮರುಳಪ್ಪ ಮಗಳನ್ನು ನೋಡಿದರು, ಅಳಿಯನ ಗಡ್ಡವನ್ನು ನೋಡಿದರು. ಮೈ ಕುಲುಕಿಸಿ ನಗಲು ಶುರುಮಾಡಿದರು.

ಮೀನಾಕ್ಷಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆ ಗದ್ದ ಇವರಪ್ಪಂದು ಕಣವ್ವಾ. ಹಂಗೇ ಗುಳಿ ಬೀಳ್ತಿತ್ತು. ಅದು ಕಾಣ್ತಾ ಇಲ್ವಲ್ಲಾ ಅಂತಾನೇ ದಿನಾ ಬೋಳಿಸೋ ಬೋಳಿಸೋ ಅಂತ ಬಡ್ಕೋತಿದ್ದೆ." ಅವರು ಜೀವಿತಾಳ ಕೈ ಹಿಡಿದು ಎಳೆದುಕೊಂಡರು. "ನಿನ್ ಕಣ್ಣಿಗೂ ಅದೇ ಬಿತ್ತಾ! ಕೂತ್ಕೋ, ಬಿಸಿ ಕಾಫಿ ತತ್ತೀನಿ."

ದೊಡ್ಡವರಿಬ್ಬರೂ ಛತ್ರದ ಮಾತಿಗೆ ಕುಳಿತರು. ಉಜ್ವಲ್ ಮೆಲ್ಲಗೆ ತೋಟದ ಕಡೆ ನಡೆದ. ಜೀವಿತಾ ಹಿಂದೆಯೇ ಹೋದಳು.

"ಇನ್ನೂ ಕೋಪನಾ?"

"ಬೈಕಲ್ಲಿ ಬರೋವಾಗ ಇತ್ತು." ಅವನು ತಿರುಗಿದ. "ದೊಡ್ಡೋರ ಮುಂದೆ ಇವರೇ ಬೇಕು ಅಂದ್ರಲ್ಲ... ಆಗ ಹೋಯ್ತು."

ಅವಳು ತಲೆ ತಗ್ಗಿಸಿದಳು. ಅವನು ಗಡ್ಡ ಸವರಿಕೊಂಡ.

"ಈಗ್ಲೇ ಮಲ್ಲೇಶನ ಹತ್ರ ಹೋಗಿ ತೆಗೆಸ್ಬಿಡ್ಲಾ?"

ಜೀವಿತಾ ಮೊದಲ ಸಲ ಹತ್ತಿರದಿಂದ ನೋಡಿದಳು. ತನಗೆಂದೇ ಕೆರೆತ ತಡೆದುಕೊಂಡು, ಎಣ್ಣೆ ಕಾಯಿಸಿ ಹಚ್ಚಿ ಬೆಳೆಸಿದ ಗಡ್ಡ. ಅದೇನಾಯಿತೋ, ಆ ಖಾಲಿ ಎಡಗೆನ್ನೆಯ ಮೇಲೂ ಪ್ರೀತಿ ಉಕ್ಕಿ ಬಂತು!

"ಬೇಡ... ಅಲ್ಲ, ತೆಗೆಸಿ... ಅಯ್ಯೋ, ನಂಗೇ ಗೊತ್ತಾಗ್ತಿಲ್ಲ ಕಣ್ರೀ!"

"ಸರಿಯಾಗಿ ಹೇಳಿ. ಈ ಸಲ ಹತ್ರಾನೇ ನಿಂತಿದೀನಿ, ಓಲಗಾನೂ ಇಲ್ಲ."

ಅವಳು ನಗುತ್ತಾ ಅವನ ಅಂಗಿಯ ತೋಳು ಹಿಡಿದಳು.

"ಮದುವೆಗೆ ತೆಗೆಸಿ. ಅತ್ತೆ ಕಣ್ತುಂಬ ನೋಡ್ಲಿ. ಆಮೇಲೆ ನನಗೋಸ್ಕರ ಇನ್ನೊಂದ್ಸಲ ಬಿಡಿ."

"ಮತ್ತೆ ಕೆರೆತ ಶುರುವಾದ್ರೆ?"

"ಎಣ್ಣೆ ನಾನ್ ಹಚ್ತೀನಿ."