ಗಾಜಿನ ಮೂಲೆಯ ಗಂಧ

"ಚೆಕ್ ಮಾಡಿದ್ದು ನೀನೇ ಅಲ್ವೇನಮ್ಮಾ?"

ಮಿಥುನನ ದನಿ ಏರಲಿಲ್ಲ. ಚೈತನ್ಯಾಳಿಗೆ ಅದೇ ಹೆಚ್ಚು ಚುಚ್ಚಿತು. ಪರದೇಶದ ಊರಾದ ಕ್ಯಾಲಮ್‌ವೇಲ್‌ನ ಅವನ ಮನೆಯ ಮುಂದೆ ಬೆಳ್ಳಿ ಬಣ್ಣದ ಕಾರು ನಿಂತಿತ್ತು. ಹರಾಜಿನಲ್ಲಿ ಹಿಡಿದು, ರಿಪೇರಿ ಮಾಡಿ ಅವನಿಗೆ ಮಾರಿದವನು ಅಭಿಷೇಕ. 'ರಿಪೇರಿ ಮಾಡಬಹುದಾದ ರೈಟ್-ಆಫ್', ಅಂದರೆ ವಿಮೆಯವರು ಕೈಬಿಟ್ಟರೂ ಸರಿಪಡಿಸಿ ಓಡಿಸಬಹುದಾದ ಗಾಡಿ, ಎಂಬ ವರದಿಯನ್ನು ಆನ್‌ಲೈನಿನಲ್ಲಿ ತೆಗೆದುಕೊಟ್ಟವಳು ಚೈತನ್ಯಾ. ಇವತ್ತು ಬೆಳಿಗ್ಗೆ ತಪಾಸಣೆಯವರು ಬಾನೆಟ್ ಎತ್ತಿ, ಅಲ್ಲಿ ಕೊರೆದಿದ್ದ ಚಾಸಿ ನಂಬರು ನೋಡಿ ತಲೆಯಾಡಿಸಿಬಿಟ್ಟಿದ್ದರು. ಹೋದ ವರ್ಷ, ೨೦೧೧ರ ಪ್ರವಾಹದಲ್ಲಿ ಮುಳುಗಿದ ಗಾಡಿ, ಸ್ಟ್ಯಾಚುಟರಿ ರೈಟ್-ಆಫ್. ಬಿಡಿಭಾಗಕ್ಕಷ್ಟೇ ಸರಿ, ರಸ್ತೆಗೆ ಎಂದೂ ಇಳಿಯುವಂತಿಲ್ಲ.

"ನಂಬರ್ ತಪ್ಪು ಟೈಪ್ ಮಾಡಿರ್ತಾಳೆ, ಪಾಪ," ಎಂದ ಅಭಿಷೇಕ.

ನಾಳೆ ಕನ್ನಡದವರ ಬಾರ್ಬಿಕ್ಯೂ ಕೂಟದಲ್ಲಿ ಎಲ್ಲರ ಬಾಯಲ್ಲೂ ತನ್ನ ಹೆಸರೇ ಎಂದುಕೊಂಡಳು ಚೈತನ್ಯಾ.

ಅವಳು ಬಾಡಿಗೆಗಿದ್ದ ಮನೆಯ ದಾಕ್ಷಾಯಣಿ ಆಂಟಿ ಜೊತೆಗೇ ಬಂದಿದ್ದರು. ಮೈಸೂರಿನ ಆರ್‌ಟಿಓ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದವರು. ಇಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಕರೆ ಅವರಿಗೇ. ಕಾರಿನ ಸುತ್ತ ಒಂದು ಸುತ್ತು ಹಾಕಿ ಅವರು ಮಿಥುನನ ತಾಯಿಯತ್ತ ತಿರುಗಿದರು.

"ನೀಲಮ್ಮನೋರೇ, ಪೂಜೆ ಮಾಡಿದ್ದು ನೀವಾ?"

"ಹೂಂ ರೀ. ಗುಡೀಗೆ ಹೋಗೋವಾಗ ಗಂಧ ಮನೇಲೇ ಮರ್ತುಬಿಟ್ಟಿದ್ದೆ. ಬರೀ ಕುಂಕುಮ ಇಟ್ಟು ನಿಂಬೆಹಣ್ಣು ತುಳಿಸಿದ್ದು."

"ಚೈತನ್ಯಾ, ನಂಬರ್ ತಗೊಂಡ ದಿನದ ಡೈರಿ ಓದು."

ಸದಾ ಚೀಲದಲ್ಲಿರುವ ಡೈರಿ ತೆಗೆದು ಅವಳು ಓದಿದಳು. "'ಕಾರು ಆಗಷ್ಟೇ ಅಭಿಷೇಕರ ಶೆಡ್‌ನಿಂದ ಬಂತು. ಇನ್ನೂ ಪೂಜೆಯಾಗಿಲ್ಲ. ನಂಬರು ಬರೆದುಕೊಳ್ಳಲು ಹೋದೆ. ನಂಬರು ಕಾಣಬೇಕಾದ ಮುಂಗಾಜಿನ ಕೆಳಮೂಲೆಯಲ್ಲಿ ಗಂಧ. ಒರೆಸಲು ಮನಸ್ಸಾಗಲಿಲ್ಲ. ಅವರೇ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು.' ಚೀಟಿ ಇಲ್ಲೇ ಅಂಟಿಸಿದೀನಿ ಆಂಟಿ."

ಆಂಟಿ ಚೀಟಿಯನ್ನು ಮಿಥುನನ ಕೈಲಿದ್ದ ವರದಿಯ ಪಕ್ಕ ಹಿಡಿದರು. ಒಂದಂಕಿಯೂ ತಪ್ಪಿರಲಿಲ್ಲ.

"ಈಗ ಆ ಗಂಧ ಒರೆಸು."

"ಅಯ್ಯೋ, ಬೇಡಿ ಆಂಟಿ!" ಅಭಿಷೇಕ ಅಡ್ಡ ಬಂದ. "ಪೂಜೆದು ಅಳಿಸಬಾರ್ದು, ಅಪಶಕುನ!"

"ಪೂಜೇಲಿ ಗಂಧವೇ ಇರಲಿಲ್ಲವಲ್ಲಪ್ಪಾ. ನಮ್ಮೋರ್ಯಾರೂ ದೇವರ ಗುರುತು ಅಳಿಸಲ್ಲ ಅಂತ ನಿಂಗೊತ್ತು. ಅದಕ್ಕೇ ನಂಬರ್ ಪಟ್ಟಿ ಮೇಲೇ ಮೆತ್ತಿದೆ, ಇಂಥದ್ದೇ ಇನ್ನೊಂದು ಕಾರಿನ ನಂಬರ್ ಇವಳ ಕೈಗಿಟ್ಟೆ. ಇವಳು ತೆಗೆದ ವರದಿ ಸರಿಯಾಗೇ ಇದೆ. ಕಾರೇ ಬೇರೆ."

ಚೈತನ್ಯಾ ಕರವಸ್ತ್ರ ಒದ್ದೆ ಮಾಡಿ ಒರೆಸಿದಳು. ಒಣಗಿದ ಗಂಧ ಹಕ್ಕಳೆಯಾಗಿ ಎದ್ದು ಬಂತು. ಕೆಳಗಿನ ಅಂಕಿಗಳನ್ನು ಅವಳು ಒಂದೊಂದಾಗಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು. ಚೀಟಿಯಲ್ಲಿದ್ದಕ್ಕಿಂತ ಕೊನೆಯ ನಾಲ್ಕೂ ಬೇರೆ.

ಮಿಥುನ ತಲೆ ತಗ್ಗಿಸಿದ. "ಸಾರಿ ಕಣಮ್ಮಾ."

"ಪರವಾಗಿಲ್ಲ," ಎಂದವಳು ಅಭಿಷೇಕನ ಮುಂದೆ ಡೈರಿ ಬಿಡಿಸಿ, ಪೆನ್ನು ಚಾಚಿದಳು. "ನಿಜವಾದ ನಂಬರು ನೀವೇ ಬರೀರಿ. ಈ ಸಲ ನೋಡ್ಕೊಂಡು."